ಇಂಟರ್‌ವಲ್ಲಿನಲ್ಲಿ ಹೇಳಿದ ಮಾತು

ಟಾಕೀಸಿನ ಕತ್ತಲಲ್ಲಿ ಹೆದರಿ ತಾನು ಗಬಕ್ಕನೆ ಹಿಡಿದದ್ದು ಅತ್ತಿಗೆಯ ಕೈ ಎಂದುಕೊಂಡಿದ್ದಳು ರಂಜಿತ. ಆದರೆ ಇಷ್ಟು ಒರಟು ಅಂಗೈ ಅತ್ತಿಗೆಯದಲ್ಲ...

ಚಲುವರಾಜುವಿನದು!

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಮುಂದಿನ ತಿಂಗಳು ಅವಳಿಗೆ ತಾಳಿ ಕಟ್ಟಬೇಕಾದವನು. ಅವನ ಪಕ್ಕ ಅವಳು ಕುಳಿತದ್ದು ಇದೇ ಮೊದಲು. ಅತ್ತಿಗೆ ಪ್ರಮೀಳಾ ಬೇಕೆಂದೇ ಆಚೆಯ ಸೀಟಿಗೆ ಸರಿದಿದ್ದಳು.

ರಂಜಿತ ಕೈ ಎಳೆದುಕೊಂಡಳು.

ಪರದೆಯ ಮೇಲೆ ಹುಚ್ಚಾಸ್ಪತ್ರೆ. ಅವಳದೇ ವಯಸ್ಸಿನ ಹುಡುಗಿಯರು. ಒಬ್ಬಳು ಯಾರೂ ಇಲ್ಲದ ಕಡೆ ತಿರುಗಿ ಮಾತಾಡುತ್ತಿದ್ದಳು. ಕೆ.ಆರ್. ಪೇಟೆಯ ಆ ಟಾಕೀಸಿಗೆ ಟಾಕೀಸೇ ಸಿಳ್ಳೆ ಹೊಡೆದು ನಕ್ಕಿತು.

ಚಲುವರಾಜುವೂ ನಕ್ಕ.

ರಂಜಿತ ಅವನ ಮುಖ ನೋಡಿದಳು. ನನ್ನ ವಿಷಯ ಗೊತ್ತಾದರೂ ಹೀಗೇ ನಗುತ್ತಾನಾ...?

ಪಿಯುಸಿ ಓದುವಾಗ ಅವಳಿಗೂ ಯಾರೂ ಇಲ್ಲದ ಕಡೆಯಿಂದ ದನಿ ಕೇಳುತ್ತಿತ್ತು. ಮೈಸೂರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಅದು ಅಡಗಿತ್ತು. ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಕಡಲಾಚೆ ಬಚ್ಚಿಟ್ಟಂತೆ ಅವ್ವ ಬೆಟ್ಟಮ್ಮ ಆ ಮಾತ್ರೆಗಳನ್ನು ರಾಗಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದಳು. ಬಾಯಿ ಬಿಡಬೇಡವೆಂದು ಆಣೆ ಹಾಕಿಸಿಕೊಂಡಿದ್ದಳು. ಮದುವೆಯಾದ ಮೇಲೆ ಮಾತ್ರೆಯನ್ನೂ ನಿಲ್ಲಿಸಬೇಕಂತೆ. ಅತ್ತೆಯ ಕಣ್ಣಿಗೆ ಬಿದ್ದರೆ ಏನು ಗತಿ?

ನಿಲ್ಲಿಸಿದರೆ ಆ ದನಿ ಮತ್ತೆ ಬರುತ್ತದೆ. ಆಗ ಇವನು ತವರಿಗೆ ತಂದು ಬಿಟ್ಟುಬಿಟ್ಟರೆ...?

ಇಂಟರ್‌ವಲ್ಲಿಗೆ ದೀಪ ಹತ್ತಿತು.

"ಕಡ್ಲೆಕಾಯಿ ತರೋಗಂಟ ಇಬ್ರೂ ಓಡೋಗ್ಬುಟ್ಟೀರಾ," ಎಂದು ಚುಡಾಯಿಸಿ ಅತ್ತಿಗೆ ಹೋದಳು.

ರಂಜಿತ ಹೊರಗೆ ಬಂದು ಗೋಡೆಗೆ ಒರಗಿದಳು. ಹಿಂದೆಯೇ ಬಂದ ಚಲುವರಾಜು, ಸಿನಿಮಾ ಹಿಡಿಸಲಿಲ್ಲವಾ ಎಂದು ಕೇಳಿದ.

"ನಾನೂ ಆ ಹುಡ್ಗಿ ಅಂಗೇ ಇದ್ದೆ," ಅಂದುಬಿಟ್ಟಳು. "ಈಗ್ಲೂ ಮಾತ್ರೆ ತಗತೀನಿ. ಬುಟ್ರೆ ಮತ್ತೆ ಅಂಗೇ ಆಯ್ತೀನಿ."

ಅವನ ಮುಖ ಬಿಳಿಚಿಕೊಂಡಿತು. ಮುಗಿಯಿತು, ಎಲ್ಲ ಮುಗಿಯಿತು ಅಂದುಕೊಂಡಳು ರಂಜಿತ...

"ಭಯ ಆಯ್ತದೆ," ಅಂದ ಕೊನೆಗೆ. "ಸುಳ್ಳು ಯಾಕೇಳ್ಲಿ."

"ನಂಗೂ ದಿನಾ ಅದೇ ಭಯ."

"ಇಷ್ಟ್ ದಿನ ಒಬ್ಳೇ ಎಂಗೆ ತಡ್ಕಂಡಿದ್ದೆ?"

ಅವಳ ಕಣ್ಣು ತುಂಬಿತು. ಯಾರೂ ಅವಳನ್ನು ಹಾಗೆ ಕೇಳಿರಲೇ ಇಲ್ಲ.

ಮಾತ್ರೆ ಬಿಡಕೂಡದು ಎಂದ. ತನ್ನ ಅವ್ವನಿಗೆ ಮದುವೆಗೆ ಮೊದಲೇ ತಾನೇ ಹೇಳುತ್ತೇನೆ, ರೇಗಿದರೆ ರೇಗಲಿ ಎಂದ. ಮುಂದಿನ ಸಲ ಮೈಸೂರಿಗೆ ತಾನೂ ಬರುತ್ತೇನೆ, ಡಾಕ್ಟರನ್ನು ಕೇಳಿ ತಿಳಿದುಕೊಳ್ಳುವುದು ಬೇಕಾದಷ್ಟಿದೆ ಎಂದ.

ಒಳಗೆ ಬೆಲ್ಲಾಯಿತು. ಸಿನಿಮಾ ಬೇಡವಾದರೆ ಅವಳ ಊರು ಸಿಂಧಘಟ್ಟಕ್ಕೆ ಬಿಟ್ಟು ಬರುತ್ತೇನೆ ಎಂದ.

"ಬ್ಯಾಡ. ಆ ಹುಡ್ಗಿ ಏನಾಯ್ತಾಳೋ ನೋಡ್ಬೇಕು."

"ಭಯ ಆದ್ರೆ?"

"ಆಗ್ಲಿ. ನೀವು ನಗ್ಬ್ಯಾಡಿ, ಅಷ್ಟೇ ಸಾಕು."

ಅವನು ತಲೆ ತಗ್ಗಿಸಿದ.

"ನಗಾಕಿಲ್ಲ ಕಣೆ... ಬಾ."