ಪದುಮ್‌ನಲ್ಲಿ ಕಾಣೆಯಾದ ಸ್ಕೇಟುಗಳು

"ಅಚೆ, ನಮ್ಮ ತಂಡದ ಸ್ಕೇಟೆಲ್ಲ ಕಳುವಾಗಿವೆ!"

ಕುಂಜೆಸ್ ಠಾಣೆಯ ಬಾಗಿಲಲ್ಲೇ ಕೂಗಿದಳು. ಅವಳ ಉಸಿರು ಹೆಪ್ಪುಗಟ್ಟಿ ಹುಬ್ಬಿನ ಮೇಲೆ ಬೆಳ್ಳಗೆ ಕೂತಿತ್ತು. ಪದುಮ್ ಹುಡುಗಿಯರ ಐಸ್ ಹಾಕಿ ತಂಡಕ್ಕೆ ಅವಳೇ ನಾಯಕಿ. ಅಂದೇ ಮಧ್ಯಾಹ್ನ ಪಕ್ಕದೂರು ಕರ್ಶಾದ ಹುಡುಗಿಯರೊಡನೆ ಅಂತಿಮ ಪಂದ್ಯ. ಗೆದ್ದವರಿಗೆ ಲೇಹ್‌ನಲ್ಲಿ ತರಬೇತಿ!

ಇನ್‌ಸ್ಪೆಕ್ಟರ್ ಡಿಸ್ಕಿತ್, ಊರಿಗೆಲ್ಲ 'ಅಚೆ', ಅಂದರೆ ದೊಡ್ಡಕ್ಕ, ಚಹಾದ ಬಟ್ಟಲು ಕೆಳಗಿಟ್ಟರು. ಕಾನ್‌ಸ್ಟೇಬಲ್ ಆದ ನಾನು ಕೈಗವಸು ಹುಡುಕುವಷ್ಟರಲ್ಲಿ ಅವರು ಬೀದಿ ಸೇರಿದ್ದರು.

ಸ್ಕೇಟುಗಳಿದ್ದದ್ದು ಕುಂಜೆಸ್‌ಳ ಚಿಕ್ಕಪ್ಪ ತುಂಡುಪ್‌ನ ಮನೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ. ತಂದೆಯಿಲ್ಲದ ಅವಳನ್ನು ಸಾಕಿದವನು ಅವನೇ. ಬಾಗಿಲಿನ ಬೀಗ ಹಾಗೇ ಇತ್ತು. ಕಿಟಕಿಯ ಗಾಜು ಪುಡಿಯಾಗಿ ಒಳಗೆ ಬಿದ್ದಿತ್ತು.

ಡಿಸ್ಕಿತ್ ಮೊದಲು ಮಾಡಿದ ಕೆಲಸ ನೋಡಿ ನನಗೆ ನಗು ಬಂತು. ಕಿಟಕಿಯ ಒಳಗಟ್ಟೆಯ ಮೇಲೆ ತಗಡಿನ ಡಬ್ಬಿಯಲ್ಲಿದ್ದ ಕೆಂಪು ಜೆರೇನಿಯಂ ಗಿಡವನ್ನೆತ್ತಿ ಅಡುಗೆಮನೆಯ ಒಲೆಯ ಪಕ್ಕ ಇಟ್ಟರು!

"ಗಾಜು ಒಡೆದಿದ್ದು ಯಾವಾಗ?"

"ನಡುರಾತ್ರಿ," ಎಂದ ತುಂಡುಪ್. "ಫಳ್ ಅಂತ ಸದ್ದಾಯ್ತು. ಮಂಜುಗಡ್ಡೆ ಬಿರೀತು ಅನ್ಕೊಂಡು ಮುಸುಕು ಎಳ್ಕೊಂಡೆ. ಈ ಚಳೀಲಿ ಯಾರೇಳ್ತಾರೆ?"

"ಯಾರ ಮೇಲಾದ್ರೂ ಗುಮಾನಿ?"

"ಪಕ್ಕದ್ಮನೆ ಮುದುಕ ಗೊಂಬೋ. ಹುಡುಗೀರು ಆಡೋದು ಕಂಡ್ರೆ ಅವನಿಗಾಗಲ್ಲ."

ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ಗೊಂಬೋ ಉರಿದುಬಿದ್ದ.

"ಹೂಂ, ಬೈದಿದ್ದೀನಿ! ಹೆಪ್ಪುಗಟ್ಟಿದ ಕೆರೆ ಮೇಲೆಲ್ಲ ಇವರು ಕುಣಿದ್ರೆ ನನ್ನ ದನಕ್ಕೆ ನೀರೆಲ್ಲಿ? ಆದ್ರೆ ಕಳ್ಳತನ? ಈ ಮೊಣಕಾಲಲ್ಲಿ ಕಿಟಕಿ ಹತ್ತಬೇಕಾದ್ರೆ ನನ್ನನ್ನ ಎತ್ತೋಕೇ ಇಬ್ರು ಬೇಕು!"

"ಇವನನ್ನ ಹಿಡಿಯೋಣವಾ?" ಎಂದೆ ನಾನು.

"ಸುಮ್ನಿರು ಮಾರಾಯ." ಡಿಸ್ಕಿತ್ ಅಡುಗೆಮನೆಗೆ ನಡೆದರು. "ತುಂಡುಪ್, ಈ ಗಿಡ ರಾತ್ರಿ ಎಲ್ಲಿತ್ತು?"

"ಕಿಟಕೀಲೇ. ಯಾಕೆ?"

"ನಿನ್ನೆ ರಾತ್ರಿ ಜೀಪಿನ ಡೀಸೆಲ್ಲೇ ಗಟ್ಟಿಯಾಗಿತ್ತು. ಆಗ್ಲೇ ಗಾಜು ಒಡೆದಿದ್ರೆ ಈ ಗಿಡ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬೀಳ್ಬೇಕಿತ್ತು. ನೋಡಿ — ಒಂದೆಸಳೂ ಬಾಡಿಲ್ಲ! ಗಾಜು ಒಡೆದಿದ್ದು ಈಗ, ನಾವು ಬರೋಕೆ ಸ್ವಲ್ಪ ಮುಂಚೆ. ಆಗದೇ ಇದ್ದ ಸದ್ದು ನಿಮಗೆ ಕೇಳಿದ್ಹೇಗೆ? ಬೀಗದ ಕೈ ಇರೋದು ನಿಮ್ಹತ್ರ. ರಾತ್ರಿ ಸ್ಕೇಟು ತೆಗೆದವರೂ ನೀವೇ, ಕಳ್ಳ ಬಂದ ಅಂತ ತೋರಿಸೋಕೆ ಬೆಳಿಗ್ಗೆ ಗಾಜು ಒಡೆದವರೂ ನೀವೇ!"

ತುಂಡುಪ್ ಕುಸಿದು ಕೂತ.

"ಇವಳ ಮದುವೆಗೆ ಮಾತು ಕೊಟ್ಟಿದ್ದೆ. ಲೇಹ್‌ಗೆ ಹೋದವಳು ವಾಪಸ್ ಬರ್ತಾಳಾ?"

ಕುಂಜೆಸ್ ಅವನೆದುರು ಬಂದು ನಿಂತಳು.

"ನನ್ನ ಕೇಳದೆ ಕೊಟ್ಟ ಮಾತನ್ನ ನೀವೇ ಹಿಂದಕ್ಕೆ ತಗೊಳ್ಳಿ, ಚಿಕ್ಕಪ್ಪ. ಸ್ಕೇಟು ಎಲ್ಲಿ?"

ಅವನು ಮೇಲೆ ಕೈ ತೋರಿದ. ಚಾವಣಿಯ ಒಣಹುಲ್ಲಿನ ಮೆದೆಯೊಳಗೆ ಎಲ್ಲವೂ ಇದ್ದವು.

ಪಂದ್ಯ ಸಮಸಮವಾಗಿ ಸಾಗಿತ್ತು. ಕಡೆಯ ಗಳಿಗೆಯಲ್ಲಿ ಕುಂಜೆಸ್ ಮೂವರನ್ನು ತಪ್ಪಿಸಿಕೊಂಡು ಮುನ್ನುಗ್ಗಿ, ಮಂಜುಗಡ್ಡೆಯ ಮೇಲೆ ಬಿದ್ದುಕೊಂಡೇ ಹೊಡೆದಳು. ಗೋಲ್!

ಆ ಸಂಜೆ ಪದುಮ್‌ನಲ್ಲಿ ಯಾರೂ ಒಲೆಯ ಬಳಿ ಕೂರಲಿಲ್ಲ. ಊರಿಗೆ ಊರೇ ಬೀದಿಗಿಳಿದು ಕುಣಿಯಿತು.