ಕೋಲಿನ ಬುಡದ ನಾಲ್ಕು ಅಂಕಿ

ಐವತ್ತೈದು ವರ್ಷಗಳ ಹಿಂದೆ, ಗಣಿ ಅಧಿಕಾರಿಗಳ ಕ್ಲಬ್ಬಿನಲ್ಲಿ ಅಂಕ ಬರೆಯಲು ನಿಲ್ಲುತ್ತಿದ್ದ ಕುಪ್ಪುಸ್ವಾಮಿ, ಸಾಕ್ಷಾತ್ ಮ್ಯಾನೇಜರನ್ನೇ ಬಿಲಿಯರ್ಡ್ಸಿನಲ್ಲಿ ಎರಡು ಅಂಕಗಳಿಂದ ಮಣಿಸಿದ್ದ. ನಾಲ್ಕು ವರ್ಷ, ಮುಂಜಾನೆ ಮೇಜು ಒರೆಸುವ ನೆಪದಲ್ಲಿ ಕದ್ದು ಕಲಿತ ಆಟವದು.

ಆ ಗೆಲುವಿಗೆ ಸಾಕ್ಷಿಯಾಗಿ ಉಳಿದದ್ದು ಅಂದು ಅವನು ಆಡಿದ, ಲಂಡನ್ನಿನದೆಂದೇ ಹೇಳಿಕೊಂಡು ಬಂದ ಒಂದೇ ಒಂದು ಕ್ಯೂ ಕೋಲು.

"ಇದು ಲಂಡನ್ ಕೋಲಲ್ಲ ಕಣ್ರೀ," ಎಂದ ಬಂಗಾರಪೇಟೆಯ ಪೂಲ್ ಆಟದ ಅಂಗಡಿಯಲ್ಲಿ ಕೋಲು ದುರಸ್ತಿ ಮಾಡುವ ಮುನೀಂದ್ರ, ತಲೆ ತಗ್ಗಿಸಿ.

ಕುಪ್ಪುಸ್ವಾಮಿಯ ಮೊಮ್ಮಗಳು ಮುನಿಲಕ್ಷ್ಮಿಯ ಮೈಯೆಲ್ಲ ಉರಿಯಿತು. ಮಾರಿಕುಪ್ಪಂನಿಂದ ರೈಲು ಹತ್ತಿ ಅವಳು ಬಂದದ್ದು ಇದು ಮೂರನೆಯ ಸಲ. ಹಿಂದೆರಡು ಸಲವೂ "ಇನ್ನೂ ನೋಡ್ತಾ ಇದೀನಿ" ಎಂದು ಸಾಗಹಾಕಿದ್ದ!

ಶನಿವಾರ ಗಣಿ ನೆನಪಿನ ಪ್ರದರ್ಶನ. ಮಾಡಿದವರ ಹೆಸರು, ವರ್ಷ ಬರೆದುಕೊಡದ ವಸ್ತುವಿಗೆ ಅಲ್ಲಿ ಜಾಗವಿಲ್ಲ. ತಾತನ ಗೆಲುವನ್ನು ಬರೀ ಬೊಗಳೆಯೆಂದು ನಗುವವರ ಬಾಯಿ ಮುಚ್ಚಿಸಲು ಉಳಿದದ್ದು ಇದೊಂದೇ ದಾರಿ...

"ಕೋಲಿನ ಮೇಲೆ ಲಂಡನ್ ಕಂಪ್ನಿ ಬಿಲ್ಲೆ ಕಾಣ್ಸಲ್ವೇನ್ರೀ ನಿಮ್ಗೆ?"

"ಬಿಲ್ಲೆ ಅಸಲೀನೇ. ಆದ್ರೆ ಅದರ ತೂತು ಒಂದ್ ಕಡೆ, ಮೊಳೆ ಒಂದ್ ಕಡೆ. ಬೇರೆ ಕೋಲಿಂದ ಕಿತ್ತು ಕೂರ್ಸವ್ರೆ. ಈ ಕೋಲು ದಿಂಡಿಗದ ಮರದ್ದು. ಬೂದಿಕೋಟೇಲಿ ನಮ್ಮಪ್ಪ ಗಾಡಿ ಅಚ್ಚಿಗೆ ಆಕ್ತಿದ್ದಿದ್ದು ಇದೇ ಮರ. ಲಂಡನ್ನಾಗೆ ದಿಂಡಿಗ ಎಲ್ಲಿಂದ ಬತ್ತದೆ?"

"ಅಂದ್ರೆ ನಮ್ ತಾತ ಸುಳ್ಳುಗಾರ ಅಂತೀರಾ?"

ಅವನು ಕೋಲಿನ ಬುಡದ ರಬ್ಬರನ್ನು ಮೆಲ್ಲಗೆ ಬಿಚ್ಚಿದ. ಮರದಲ್ಲಿ ಉಕ್ಕಿನ ಅಚ್ಚಿನಿಂದ ಹೊಡೆದ ನಾಲ್ಕು ಅಂಕಿ: ೪೧೭೮.

ಮುನಿಲಕ್ಷ್ಮಿ ಬಗ್ಗಿ ನೋಡಿದಳು. ಮನೆಯ ಈಳಿಗೆಮಣೆಯ ಕೆಳಗೂ ಇದೇ ಸಂಖ್ಯೆ! ಹತಾರ ಅದಲುಬದಲಾಗದಿರಲೆಂದು ಗಣಿ ಕೆಲಸಗಾರರು ಹಿಡಿಗಳ ಮೇಲೆ ತಮ್ಮ ಹಾಜರಿ ಟೋಕನ್ ಸಂಖ್ಯೆ ಹೊಡೆಯುತ್ತಿದ್ದರು. ಆ ಮಣೆ ಮಾಡಿದ್ದು ಅಜ್ಜಿ ಕನಕಮ್ಮನ ತಂದೆ, ಗಣಿಯ ಬಡಗಿ ಚೆಂಗಲರಾಯ.

ಮಧ್ಯಾಹ್ನದ ರೈಲಿಗೆ ಇಬ್ಬರೂ ಮಾರಿಕುಪ್ಪಂಗೆ ಬಂದರು. ಕೋಲಿನ ಬುಡ ಕಂಡದ್ದೇ ತಾತ ಕಣ್ಣು ಮುಚ್ಚಿಕೊಂಡರು.

"ಸೀಮೆ ಕೋಲಲ್ದೆ ಬೇರೇದನ್ನ ಆ ಮೇಜ್ ಅತ್ರ ಸೇರಿಸ್ತಿರ್ಲಿಲ್ಲ ಕಣ್ಣೂ. ಅದ್ಕೇ ನಿಮ್ಮಜ್ಜಿ ಅಪ್ಪ ತಾವ್ ಮಾಡಿದ್ ಕೋಲ್ಗೆ ಮುರುದ್ ಸೀಮೆ ಕೋಲಿನ ಬಿಲ್ಲೆ ಬಡುದ್ರು. ಗೊತ್ತಾಗಿದ್ರೆ ಅವ್ರ ಕೆಲ್ಸ ಓಗ್ತಿತ್ತು. ಬಾಯ್ ಮುಚ್ಕೊಂಡೆ... ಆಮೇಲೆ ಸುಳ್ಳೇ ರೂಢಿ ಆಗೋಯ್ತು."

"ಯಾವ ವರ್ಷ ತಾತಾ?"

"ಗೆದ್ದ ವರ್ಷಾನೇ, ಎಪ್ಪತ್ತು. ಎಣ್ಣೆ ಅಚ್ಚಿ ಉಜ್ಜಿದ್ದು ಕನಕಾನೇ. ಇನ್ನೂ ಮದ್ವೆ ಆಗಿರ್ಲಿಲ್ಲ."

ಮುನಿಲಕ್ಷ್ಮಿ ಅಂಗಳಕ್ಕೆ ಬಂದು ಮುನೀಂದ್ರನ ಎದುರು ನಿಂತಳು.

"ಮೊದಲ್ನೇ ದಿನಾನೇ ಗೊತ್ತಾಗಿತ್ತಲ್ವಾ? ಮತ್ಯಾಕೆ ಅಲೆಸಿದ್ರಿ?"

"ತಾತನ ಬಗ್ಗೆ ಮಾತಾಡುವಾಗ ನಿಮ್ ಮೊಕ ಅರಳ್ತಿತ್ತು. ಬಾಡ್ಸಕ್ಕೆ ಮನಸ್ ಬರ್ಲಿಲ್ಲ."

"ಎರಡ್ನೇ ಸಲ?"

"ಅದು... ನಿಮ್ಮನ್ನ ಇನ್ನೊಂದ್ಸಲ ನೋಡ್ಬೇಕಾಗಿತ್ತು."

ಬೈಯಲು ಬಾಯಿ ತೆರೆದಳು. ಇಷ್ಟು ದಿನ ಉರಿದ ಸಿಟ್ಟು ಎಲ್ಲಿ ಹೋಯಿತೋ, ಸಿಗಲಿಲ್ಲ!

"ಇನ್ಮೇಲೆ ನಾನ್ ಬರಲ್ಲ. ನೀವೇ ರೈಲು ಹತ್ತಿ."

"ದಿನಾ ಬರ್ಲಾ?"

"ತಾತನ್ನ ಕೇಳಿ..." ಎಂದಳು, ಮುಖ ತಿರುಗಿಸಿ ನಗುತ್ತಾ.

ಒಳಗೆ ಮುನೀಂದ್ರ ಪ್ರದರ್ಶನದ ಚೀಟಿಯ ಮೇಲೆ ದುಂಡಗೆ ಬರೆದ: ಚೆಂಗಲರಾಯ, ಬಡಗಿ, ಟೋಕನ್ ೪೧೭೮, ೧೯೭೦.

ತಾತ ಆ ಹೆಸರನ್ನು ಬೆರಳಿನಿಂದ ಮೆಲ್ಲಗೆ ಸವರಿದರು. ಮುನಿಲಕ್ಷ್ಮಿ ಅವರ ಕಾಲ ಬಳಿ ಕುಳಿತು, ಪಕ್ಕದಲ್ಲಿ ಮುನೀಂದ್ರನಿಗೂ ಜಾಗ ಬಿಟ್ಟಳು.

"ತಾತಾ, ಆ ಆಟದ ಕಥೆ ಇನ್ನೊಂದ್ಸಲ ಹೇಳು... ಈ ಸಲ ಅಜ್ಜಿ ಎಣ್ಣೆ ಹಚ್ಚಿದಲ್ಲಿಂದ."