ಒಂದು ಬತ್ತಿ ಹೆಚ್ಚು

ಬಹಳ ಹಿಂದೆ, ಕಡಲಾಚೆಯ ಒಂದು ರಾಜ್ಯದಲ್ಲಿ, ದೀಪದ ಬತ್ತಿ ಹೊಸೆದು ಬದುಕುವ ತಾಯಿ ಮಗಳು ಇದ್ದರು. ತಾಯಿ ದಮಾರ, ಮಗಳು ಸಿರೀನ. ಮನೆಯಲ್ಲಿ ಎಷ್ಟು ಜನವೋ ಸಂಜೆ ಅಷ್ಟು ಬತ್ತಿ ಹಚ್ಚಿ ಕಿಟಕಿಯಲ್ಲಿಡುವುದು ಆ ಊರಿನ ರೂಢಿ. ಅವರ ಕಿಟಕಿಯಲ್ಲಿ ಎರಡು ಉರಿಯುತ್ತಿದ್ದವು.

ಆ ರಾಜ್ಯವನ್ನು ಮಾಕ್ರೋನನೆಂಬ ಮಾಂತ್ರಿಕ ಆಳುತ್ತಿದ್ದ. ತನ್ನ ಕಲ್ಲುಮೂರ್ತಿಯ ಮುಂದಿನ ಕೆಂಡಕ್ಕೆ ಎಲ್ಲರೂ ಚಿಟಿಕೆ ಸಾಂಬ್ರಾಣಿ ಹಾಕಬೇಕೆಂದು ಅವನ ಕಟ್ಟಳೆ. ಸಿರೀನ ಹಾಕಲಿಲ್ಲ. ಹಾಗಾದರೆ ನನ್ನನ್ನು ಮದುವೆಯಾಗು ಎಂದ. ಅದಕ್ಕೂ ಒಪ್ಪಲಿಲ್ಲ. ತಾನು ಕ್ರಿಸ್ತನಿಗೆ ಮಾತು ಕೊಟ್ಟವಳು, ಕೊಟ್ಟ ಮಾತು ಎರಡಾಗದು ಎಂದಳು.

ಮೊದಲು ಅವಳನ್ನು ಸಿಂಹದ ಮುಂದೆ ನಿಲ್ಲಿಸಿದರು. ಸಿಂಹ ಅವಳ ಪಾದ ಮೂಸಿ ಬೆಕ್ಕಿನಂತೆ ಮಲಗಿತು. ಆಮೇಲೆ ಬೆಂಕಿಗೆ ನೂಕಿದರು. ಬೆಂಕಿ ಸರಿದು ದಾರಿ ಬಿಟ್ಟಿತು. ಮಾಂತ್ರಿಕ ಇಂಗು ತಿಂದ ಮಂಗನಂತಾದ.

ಮೂರನೆಯ ಸಲ ಅವನು ಅವಳ ಮೈ ಮುಟ್ಟಲಿಲ್ಲ. ಎತ್ತರದ ಗೋಪುರದಲ್ಲಿ ಕೂಡಿಹಾಕಿ, ಹಿಡಿ ಬೂದಿ ಊದಿ, ಊರಿನವರ ನೆನಪಿನಿಂದಲೇ ಅವಳನ್ನು ಅಳಿಸಿದ. ಊರಿನಲ್ಲಿ ಯಾರಾದರೂ ಅವಳ ಹೆಸರು ಹಿಡಿದು ಕರೆದರೆ ಮಾತ್ರ ಆ ಮಾಯೆ ಮುರಿದು, ಅವನೇ ಬೂದಿಯಾಗಬೇಕು. ಗೊತ್ತಿಲ್ಲದ ಹೆಸರನ್ನು ಕರೆಯುವವರು ಯಾರು?

ಮರುದಿನ ದಮಾರ ಬತ್ತಿ ಮಾರುತ್ತ ಗೋಪುರದ ಕೆಳಗೆ ಬಂದಳು. ಸಿರೀನ ಅಮ್ಮಾ ಎಂದು ಕೂಗಿದಳು, ತನ್ನ ಹೆಸರನ್ನೂ ಹೇಳಿದಳು. ಹೆಸರು ಕೆಳಗೆ ಬರುವಷ್ಟರಲ್ಲಿ ಬರೀ ಗಾಳಿಯಾಗಿತ್ತು. ದಮಾರ ತಲೆಯೆತ್ತಿ ನೋಡಿ, ಯಾರ ಮಗಳೋ ಪಾಪ ಎಂದುಕೊಂಡು ಮುಂದೆ ಹೋದಳು. ಸಿಂಹದ ಮುಂದೆ ಅಳದವಳು ಅಂದು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಮಾಂತ್ರಿಕ ಬಂದ. "ಒಂದೇ ಒಂದು ಚಿಟಿಕೆ ಹಾಕು, ನಿನ್ನ ತಾಯಿಗೆ ನಿನ್ನ ಗುರುತು ಸಿಗುತ್ತೆ. ಈಗ ಈ ಊರಲ್ಲಿ ನಿನಗೆ ಯಾರಿದ್ದಾರೆ?"

ಸಿರೀನ ಕೆಳಗೆ ನೋಡಿದಳು. ಮನೆಯ ಕಿಟಕಿಯಲ್ಲಿ ಎರಡು ಬತ್ತಿ ಉರಿಯುತ್ತಿದ್ದವು. ಮಾಂತ್ರಿಕ ತಲೆಗಳನ್ನು ತೊಳೆದಿದ್ದ, ಕೈಗಳ ವಿಚಾರ ಮರೆತಿದ್ದ. ತಾಯಿಯ ಕೈ ಎಂದಿನಂತೆ ಎರಡು ಹೊಸೆದಿತ್ತು.

"ಇದ್ದಾರೆ," ಎಂದಳು ಸಿರೀನ. ಚಿಟಿಕೆ ಹಾಕಲಿಲ್ಲ.

ಬೆಳಿಗ್ಗೆ ಕತ್ತಿ ಬಂತು. ಸಿಂಹದಂತೆ ಅದು ಮಲಗಲಿಲ್ಲ, ಬೆಂಕಿಯಂತೆ ಸರಿಯಲಿಲ್ಲ, ಹೂವೂ ಆಗಲಿಲ್ಲ. ಸಿರೀನ ಸತ್ತಳು, ಆಗ ಅವಳ ಹತ್ತಿರ ತನ್ನವರೆನ್ನುವವರು ಯಾರೂ ಇರಲಿಲ್ಲ.

ಅಂದು ಸಂಜೆಯೂ ದಮಾರ ಎರಡು ಬತ್ತಿ ಹಚ್ಚಿದಳು. ಒಬ್ಬಳೇ ಇರುವವಳಿಗೆ ಎರಡೇಕೆ ಎಂದು ಒಂದನ್ನು ಊದಿದಳು. ಆರಲಿಲ್ಲ. ಮತ್ತೆ ಊದಿದಳು. ಆರಲಿಲ್ಲ. ಮೂರನೆಯ ಸಲ ಉಸಿರಿನ ಜೊತೆ ಬಾಯಿಂದ ಹೆಸರು ಬಂತು.

"ಸಿರೀನಾ."

ಮಾಂತ್ರಿಕ ಕೂತಲ್ಲೇ ಬೂದಿಯಾದ. ಊರಿಗೆಲ್ಲ ನೆನಪು ಮರಳಿತು. ಗೋಪುರದ ಬುಡದಲ್ಲಿ ಅವಳ ಸಮಾಧಿ ಕಟ್ಟಿ, ಜನ ನಿರ್ಭಯವಾಗಿ, ಸುಖವಾಗಿ ಬಾಳಿದರು. ದಮಾರ ಒಬ್ಬಳೇ ಉಂಡಳು, ಒಬ್ಬಳೇ ಮಲಗಿದಳು, ಸಾಯುವವರೆಗೂ ಎರಡು ಬತ್ತಿ ಹೊಸೆದಳು.

ಪ್ರತಿ ವರ್ಷ ಸಿರೀನ ಸತ್ತ ದಿನ, ಅವಳ ಹೆಸರಿನ ಹಬ್ಬದಂದು, ಆ ಊರಿನ ಪ್ರತಿ ಮನೆಯಲ್ಲೂ ಒಂದು ಬತ್ತಿ ಹೆಚ್ಚು ಹಚ್ಚುತ್ತಾರೆ. ಅದನ್ನು ಯಾರೂ ಊದಿ ಆರಿಸುವುದಿಲ್ಲ.